ಮದುವೆಯ ಚಪ್ಪರದಲ್ಲಿ ಕ್ಯಾಮರಾದ ಕಾರುಬಾರು

ಕಾರ್ತಿಕ ಶುದ್ಧ ದ್ವಾದಶಿಯ ತುಳಸೀಪೂಜೆ ಮುಗಿಯಿತೆಂದರೆ ನಮ್ಮ ಕಡೆ ಮದುವೆಗಳ ಕಾಲ ಆರಂಭ. ತುಲಾ ಮಾಸದ ಗುಡುಗು ಮಳೆ ಹಿಂದೆ ಸರಿದು, ಆಕಾಶ ತೊಳೆದಿಟ್ಟಂತೆ ತಿಳಿಯಾಗುವ ಈ ದಿನಗಳಲ್ಲಿ ಹಳ್ಳಿಯ ಮನೆಯಂಗಳದ ಮದುವೆಯ ಸೊಬಗೇ ಬೇರೆ. ಪೇಟೆಯ ಸಭಾಭವನಗಳಿಂದ ಬೇಸತ್ತ ಕೆಲವರಾದರೂ ಮತ್ತೆ ಅಂಗಳಕ್ಕೆ ಮರಳುತ್ತಿರುವುದು ಸಂತೋಷದ ಸಂಗತಿ.

ಕಳೆದ ವರ್ಷ ಕುಂಬಳೆ ಸೀಮೆಯ ಒಂದು ತೋಟದ ಮನೆಯಲ್ಲಿ ಇಂತಹ ಮದುವೆಗೆ ಹೋಗುವ ಪ್ರಸಂಗ ಬಂದಿತ್ತು. ಒಣಗಲು ಹಾಕಿದ ಅಡಿಕೆಯನ್ನು ಒಂದು ಬದಿಗೆ ಸರಿಸಿ ಸೋಗೆಯ ಚಪ್ಪರ ಹಾಕಿದ್ದರು. ಮುಹೂರ್ತ ಹನ್ನೆರಡರ ಸುಮಾರಿಗೆ. ಅಂತಃಪಟ ಹಿಡಿದದ್ದೇ ತಡ, ಇಬ್ಬರು ಫೊಟೊದವರು, ಇಬ್ಬರು ವೀಡಿಯೋದವರು, ದೀಪ ಹಿಡಿದ ಒಬ್ಬ ಹುಡುಗ, ಹೀಗೆ ಐವರು ಮಂಟಪವನ್ನು ಸುತ್ತುವರಿದರು. ಮೇಲೆ ಹಾರಾಡುತ್ತಿದ್ದ ಡ್ರೋನಿನ ಸದ್ದಿನಲ್ಲಿ ಮಂತ್ರ ಕೇಳಿಸಲಿಲ್ಲ. ಮುಂದಿನ ಸಾಲಿನಲ್ಲಿದ್ದ ಮದುಮಗಳ ಅಜ್ಜಿ ನನ್ನ ಕಡೆ ತಿರುಗಿ, “ಧಾರೆ ಆಯಿತಾ ಮಗಾ?” ಎಂದು ಕೇಳಿದರು. ಅವರಿಗೆ ಕಂಡದ್ದು ಐದು ಬೆನ್ನುಗಳು ಮಾತ್ರ.

ಫೊಟೊ ಬೇಡವೆಂದು ಯಾರೂ ಹೇಳಲಾರರು. ಆ ಹುಡುಗರನ್ನು ದೂರುವುದೂ ಸರಿಯಲ್ಲ. ಅವರ ಕಷ್ಟ ಅವರಿಗೆ. ನಡುಹಗಲಲ್ಲಿ ಅಂಗಳವೆಲ್ಲ ಬಿಸಿಲು, ಚಪ್ಪರದೊಳಗೆ ಕತ್ತಲು. ನಮ್ಮ ಕಣ್ಣು ಎರಡಕ್ಕೂ ಹೊಂದಿಕೊಂಡೀತು, ಕ್ಯಾಮರಾ ಹೊಂದಿಕೊಳ್ಳದು. ಸೋಗೆಯ ಸಂದಿನಿಂದ ಇಳಿಯುವ ಬಿಸಿಲು ವಧೂವರರ ಮುಖದಲ್ಲಿ ಚುಕ್ಕೆಚುಕ್ಕೆಯಾಗಿ ಬೀಳುತ್ತದೆ. ಬಯಲಿಗೆ ಕರೆತಂದರೆ ಕಣ್ಣಿನ ಕೆಳಗೆ ಕಪ್ಪು ನೆರಳು. ಆದ್ದರಿಂದಲೇ ದೀಪ, ಆದ್ದರಿಂದಲೇ ನೂಕುನುಗ್ಗಲು.

ಪರಿಹಾರ ನಮ್ಮ ಹಿರಿಯರ ಪದ್ಧತಿಯಲ್ಲಿಯೇ ಇದೆ. ಚಪ್ಪರದ ಒಳಮೈಗೆ ಬಿಳಿ ಬಟ್ಟೆಯ ಮೇಲ್ಕಟ್ಟು ಕಟ್ಟಿದರೆ ಬಿಸಿಲು ಸೋಸಿ ಸಮನಾಗಿ ಹರಡುತ್ತದೆ. ಈ ತಿಂಗಳುಗಳಲ್ಲಿ ಸೂರ್ಯ ತೆಂಕಣಕ್ಕೆ ವಾಲಿರುವುದರಿಂದ ಚಪ್ಪರದ ಬಡಗಣ ಬದಿಯನ್ನು ತೆರೆದಿಟ್ಟರೆ ತಂಪು ಬೆಳಕು ಸಿಗುತ್ತದೆ. ಕುಟುಂಬದವರ ಚಿತ್ರಕ್ಕೆ ಜಗಲಿಯ ನೆರಳು, ವಧೂವರರ ಚಿತ್ರಕ್ಕೆ ಸಂಜೆ ನಾಲ್ಕರ ನಂತರದ ತೋಟ ಧಾರಾಳ ಸಾಕು. ಇದನ್ನೆಲ್ಲ ಮುಂಚಿತವಾಗಿ ಕುಳಿತು ಮಾತಾಡಬೇಕಾದವರು ಮನೆಯವರು. ಅಡಿಗೆಯವರೊಡನೆ ಪಾಯಸದ ಬಗೆಗೆ ಗಂಟೆಗಟ್ಟಲೆ ಚರ್ಚಿಸುವ ನಾವು ಫೊಟೊದವರಿಗೆ ಮುಂಗಡ ಹಣ ಕೊಟ್ಟು ಸುಮ್ಮನಾಗುತ್ತೇವೆ.

ಹಿಂದೆ 120ರ ಒಂದು ಸುರುಳಿಯಲ್ಲಿ ಚೌಕಾಕಾರದ ಹನ್ನೆರಡೇ ಚಿತ್ರ. ಎಣಿಸಿ ತೆಗೆಯಬೇಕಿದ್ದುದರಿಂದ ಯಾರನ್ನು ಬಿಡಬಾರದೆಂಬ ಯೋಚನೆ ಮೊದಲು ಬರುತ್ತಿತ್ತು; ಹಿರಿಯರನ್ನು ಕುರ್ಚಿಯಲ್ಲಿ ಕೂರಿಸಿದ ಮೇಲೆಯೇ ಉಳಿದ ಮಾತು. ಈಗ ಸಾವಿರಗಟ್ಟಲೆ ತೆಗೆಯುತ್ತಾರೆ, ಆ ಯೋಚನೆ ಮಾತ್ರ ಇಲ್ಲ.

ಮೇಲೆ ಹೇಳಿದ ಅಜ್ಜಿ ಈ ಆಟಿಯಲ್ಲಿ ತೀರಿಕೊಂಡರು. ಗೋಡೆಗೆ ಹಾಕಲು ಒಂದು ಫೊಟೊಕ್ಕಾಗಿ ಮನೆಯವರು ಮದುವೆಯ ಚಿತ್ರಗಳನ್ನೆಲ್ಲ ಜಾಲಾಡಿದರು. ಅಡಿಕೆ ಮರಕ್ಕೆ ಒರಗಿ ನಿಂತ ವಧೂವರರು ಬೇಕಾದಷ್ಟು ಸಿಕ್ಕಿದರು. ಅಜ್ಜಿ ಸಿಕ್ಕಿದ್ದು ಒಂದರಲ್ಲಿ, ದೀಪದ ಕಂಬದ ಹಿಂದೆ, ಅರ್ಧ ಮುಖ.

ಈ ವರ್ಷ ಮದುವೆ ಇಟ್ಟುಕೊಂಡವರಲ್ಲಿ ಒಂದು ವಿನಂತಿ. ಧಾರೆಯ ಹೊತ್ತಿಗೆ ಒಬ್ಬ ಫೊಟೊದವನು ಮಾತ್ರ ಒಂದು ಬದಿಯಲ್ಲಿ ನಿಲ್ಲಲಿ. ಡ್ರೋನ್ ಊಟದ ನಂತರ ಹಾರಲಿ. ಎಂಬತ್ತು ದಾಟಿದ ಪ್ರತಿಯೊಬ್ಬರದೂ ಒಂದೊಂದು ಚಿತ್ರ ಜಗಲಿಯ ನೆರಳಿನಲ್ಲಿ ಮೊದಲೇ ಆಗಲಿ. ಅವನ್ನು ಕಾಗದದ ಮೇಲೆ ಅಚ್ಚು ಹಾಕಿಸಿ, ಬೆನ್ನಿಗೆ ಹೆಸರು, ಸಂಬಂಧ, ಇಸವಿ ಬರೆದಿಡಿ. ಇದಕ್ಕೆ ಖರ್ಚು ಹೆಚ್ಚಿಲ್ಲ. ಬೇಕಾದುದು ಒಂದಿಷ್ಟು ಮುಂದಾಲೋಚನೆ.