ಸೀಟಿ ಊದುವ ಮೇಷ್ಟ್ರು ಎಲ್ಲಿ ಸ್ವಾಮಿ?

ನವೆಂಬರ್ 7 ಬಂತೆಂದರೆ ಕೊರಳಿಗೆ ಸ್ಕಾರ್ಫ್ ಕಟ್ಟಿದ ಮಕ್ಕಳು ಪುಟ್ಟ ಧ್ವಜದ ಚೀಟಿ ಹಿಡಿದು ಅಂಗಡಿ ಅಂಗಡಿ ಹತ್ತುತ್ತಾರೆ. ಮಂಡಿಪೇಟೆಯ ಹಿರಿಯ ವರ್ತಕರೊಬ್ಬರು ಗಲ್ಲಾದಿಂದ ಚಿಲ್ಲರೆ ತೆಗೆಯುತ್ತಾ, “ಇದು ಯಾವ ಪಾರ್ಟಿ ಬಾವುಟನೋ ತಮ್ಮಾ?” ಅಂದರು. ಹುಡುಗ ಪೆಚ್ಚಾದ. ಪಾಪ, ಅವನಿಗೂ ಯಾರೂ ಹೇಳಿಕೊಟ್ಟಿರಲಿಲ್ಲ.

ಯಾವ ಪಾರ್ಟಿಯದೂ ಅಲ್ಲ ಯಜಮಾನರೇ. 1950ರ ನವೆಂಬರ್ 7ರಂದು ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಹುಟ್ಟಿತಲ್ಲ, ಅದರ ಗುರುತು. ಆ ಹುಟ್ಟಿನ ಹಿಂದೆ ದೊಡ್ಡ ಜಗಳವೇ ಇದೆ.

ಈ ದೇಶಕ್ಕೆ ಸ್ಕೌಟ್ ಬಂದಿದ್ದು 1909ರಲ್ಲಿ, ಅದೂ ನಮ್ಮ ಬೆಂಗಳೂರಿಗೇ. ಬಿಷಪ್ ಕಾಟನ್ ಶಾಲೆಯಲ್ಲಿ ಕ್ಯಾಪ್ಟನ್ ಬೇಕರ್ ಎಂಬ ಬ್ರಿಟಿಷ್ ಅಧಿಕಾರಿ ಮೊದಲ ದಳ ಕಟ್ಟಿದ. ಆದರೆ ಅದು ಇಂಗ್ಲಿಷರ, ಆಂಗ್ಲೋ ಇಂಡಿಯನ್ನರ ಮಕ್ಕಳಿಗೆ ಮಾತ್ರ. ನಮ್ಮ ಹುಡುಗರು ಬೇಲಿಯಾಚೆ ನಿಂತು ನೋಡಬೇಕಿತ್ತು. ಅಲ್ಲಾ, ನಮ್ಮ ನೆಲ, ನಮ್ಮ ನೀರು, ನಮ್ಮ ಮಕ್ಕಳಿಗೇ ಜಾಗವಿಲ್ಲ!

ಹಿರಿಯರು ಸುಮ್ಮನೆ ಕೂರಲಿಲ್ಲ. 1916ರಲ್ಲಿ ಅನಿಬೆಸೆಂಟ್ ಮದ್ರಾಸಿನಲ್ಲಿ ಭಾರತೀಯ ಹುಡುಗರಿಗೇ ಬೇರೆ ಸಂಘ ಕಟ್ಟಿದರು. ಆ ಹುಡುಗರು ಹ್ಯಾಟಿನ ಬದಲು ಪೇಟ ಸುತ್ತಿ, ನಮ್ಮ ಹಾಡುಗಳನ್ನೇ ಹಾಡುತ್ತಾ ನಡೆದರು. ಉತ್ತರದಲ್ಲಿ ಮದನ ಮೋಹನ ಮಾಳವೀಯ, ಹೃದಯನಾಥ ಕುಂಜ್ರು, ಶ್ರೀರಾಮ ಬಾಜಪೇಯಿ ಸೇರಿ ಸೇವಾ ಸಮಿತಿಯ ಸ್ಕೌಟ್ ಸಂಘ ಬೆಳೆಸಿದರು. ಒಳಗೆ ಸೇರಿಸಿಕೊಂಡ ಮೇಲೂ ಸಿಟ್ಟು ಆರಲಿಲ್ಲ. 1937ರಲ್ಲಿ ಸ್ಕೌಟ್ ಪಿತಾಮಹ ಬೇಡನ್ ಪೊವೆಲ್ ಭಾರತೀಯರ ನಡತೆಯ ಬಗ್ಗೆ ಹಗುರವಾಗಿ ಆಡಿದ ಮಾತಿಗೆ ಕೆರಳಿ ಎಷ್ಟೋ ಜನ ಹೊರಬಂದರು. ಮರುವರ್ಷವೇ ಹಿಂದೂಸ್ತಾನ್ ಸ್ಕೌಟ್ ಸಂಘ ಎದ್ದಿತು. ಸ್ವಾತಂತ್ರ್ಯ ಬಂದ ಮೇಲೆ ನೆಹರೂ, ಮೌಲಾನಾ ಆಜಾದ್ ಮೊದಲಾದವರು ಈ ಬಣಗಳನ್ನೆಲ್ಲ ಕೂರಿಸಿ ಒಂದು ಮಾಡಿದರು. ಹುಡುಗಿಯರ ಗೈಡ್ಸ್ ಸಂಘ 1951ರ ಆಗಸ್ಟ್ 15ಕ್ಕೆ ಬಂದು ಸೇರಿಕೊಂಡಿತು.

ಈಗಿನ ಏರ್ಪಾಡು ನೋಡಿದರೆ ಏಣಿ ಗಟ್ಟಿಯಾಗೇ ಇದೆ. ಮೇಲೆ ರಾಷ್ಟ್ರಪತಿಗಳು ಪೋಷಕರು, ರಾಜ್ಯಕ್ಕೆ ರಾಜ್ಯಪಾಲರು, ಆಮೇಲೆ ಜಿಲ್ಲಾ ಸಂಸ್ಥೆ, ಸ್ಥಳೀಯ ಸಂಸ್ಥೆ. ರೈಲ್ವೆಯವರಿಗೂ ತಮ್ಮದೇ ಘಟಕ ಉಂಟು. ಪುಟಾಣಿ ಕಬ್, ಬುಲ್‌ಬುಲ್‌ಗಳಿಂದ ಹಿಡಿದು 25 ವರ್ಷದ ರೋವರ್, ರೇಂಜರ್‌ವರೆಗೆ ಎಲ್ಲರಿಗೂ ಜಾಗ. ಆರೆಂಟು ಮಕ್ಕಳಿಗೆ ಒಂದು ಪೆಟ್ರೋಲ್ (ಬಂಕಿನದಲ್ಲ ಮತ್ತೆ!), ಅದಕ್ಕೊಬ್ಬ ಲೀಡರ್, ಅವನೂ ಹುಡುಗನೇ. ಪ್ರವೇಶ, ಮೂರು ಸೋಪಾನ, ರಾಜ್ಯ ಪುರಸ್ಕಾರ ದಾಟಿದವನು ರಾಷ್ಟ್ರಪತಿ ಪ್ರಶಸ್ತಿಗೆ ನಿಲ್ಲುತ್ತಾನೆ. ಇದರಲ್ಲೇ ‘ಖರಿ ಕಮಾಯಿ’ ಅಂತ ಒಂದುಂಟು. ಮಕ್ಕಳು ಸಣ್ಣಪುಟ್ಟ ಕೆಲಸ ಮಾಡಿ ಬೆವರಿನ ಕಾಸು ದುಡಿಯುವುದು. ವ್ಯಾಪಾರಸ್ಥರಿಗೆ ಇದರ ಬೆಲೆ ನಾವು ಬಿಡಿಸಿ ಹೇಳಬೇಕೇ?

ಇಷ್ಟೆಲ್ಲಾ ಇದ್ದು ಕೆಳಗಿನ ಮೆಟ್ಟಿಲೇ ಮುರಿದರೆ? ಆ ಮೆಟ್ಟಿಲು ಯಾರೆಂದರೆ ಸ್ಕೌಟ್ ಮಾಸ್ಟರು. ನಾವು ಕಂಡ ಒಂದು ಶಾಲೆಯಲ್ಲಿ ಸ್ಕಾರ್ಫು, ಬೆಲ್ಟು, ಡ್ರಮ್ಮು ಎಲ್ಲಾ ಬೀರುವಿನಲ್ಲಿ ಭದ್ರ. ಆಗಸ್ಟ್ 15ಕ್ಕೆ ಆಚೆ, 16ಕ್ಕೆ ಒಳಗೆ. ತರಬೇತಿ ಪಡೆದಿದ್ದ ಮೇಷ್ಟ್ರು ವರ್ಗವಾಗಿ ಹೋದರು, ಬಂದವರಿಗೆ ತರಬೇತಿ ಇಲ್ಲ. ಅವರನ್ನು ಅಂದು ಏನು ಪ್ರಯೋಜನ? ಪಾಠ ಮುಗಿಸಬೇಕು, ಗಣತಿಗೆ ಹೋಗಬೇಕು, ಚುನಾವಣೆಗೆ ಹೋಗಬೇಕು. ಸೀಟಿ ಊದೋದು ಯಾವಾಗ?

ಪಿಯುಸಿ ಅರ್ಧಕ್ಕೇ ಬಿಟ್ಟವನು ಈ ವರದಿಗಾರ. ಓದಿದ್ದು ಬಹಳಷ್ಟು ಮರೆತಿದೆ. ಸ್ಕೌಟಿನಲ್ಲಿ ಕಲಿತ ಗಂಟು ಮಾತ್ರ ಕೈ ಮರೆತಿಲ್ಲ.

ದಾವಣಗೆರೆ, ಹರಿಹರದವರಿಗಂತೂ ನೆಪ ಹೇಳಲು ಬಾಯಿಲ್ಲ. ಬಸ್ಸು ಹತ್ತಿದರೆ ಕೊಂಡಜ್ಜಿ. ಗುಡ್ಡ, ಕೆರೆ, ಪಕ್ಕದಲ್ಲೇ ಸ್ಕೌಟ್ ತರಬೇತಿ ಕೇಂದ್ರ. ಅದೇ ಊರಿನ ಕೊಂಡಜ್ಜಿ ಬಸಪ್ಪನವರು ಈ ಚಳವಳಿಗಾಗಿ ದುಡಿದವರು. ಬೆಂಗಳೂರಿನ ಸ್ಕೌಟ್ ಕಚೇರಿಯ ಸಭಾಂಗಣಕ್ಕೆ ಇಂದಿಗೂ ಅವರದೇ ಹೆಸರು. ಎಲ್ಲೆಲ್ಲಿಂದಲೋ ಮಕ್ಕಳು ಬಂದು ಅಲ್ಲಿ ಗುಡಾರ ಹಾಕುತ್ತಾರೆ. ನಮ್ಮ ಮೇಷ್ಟ್ರುಗಳನ್ನು ಬೇಸಿಕ್ ಕೋರ್ಸಿಗೆ ಕಳಿಸಲು ಇಲಾಖೆಗೆ ಏನು ಅಡ್ಡಿ? ಶಾಲೆಗೊಬ್ಬರು ಸಾಕು. ಅಷ್ಟು ದಿನ ಬೇರೆ ಕೆಲಸ ಹೇರದಿದ್ದರಾಯಿತು.

ಇನ್ನು ತಂದೆತಾಯಂದಿರು ಒಂದು ಕೆಲಸ ಮಾಡಿ. ಮಗುವಿನ ಶಾಲೆಯ ರಸೀದಿ ತೆಗೆದು ನೋಡಿ. ಅದರಲ್ಲಿ ಸ್ಕೌಟ್ ಎಂಬ ಸಾಲು ಕಂಡರೆ ಸೋಮವಾರ ಬೆಳಿಗ್ಗೆ ಶಾಲೆಗೇ ಹೋಗಿ ಕೇಳಿ: ಸ್ಕೌಟ್ ಮಾಸ್ಟರು ಯಾರು ಸಾರ್, ಕ್ಲಾಸು ಯಾವ ವಾರ?