ಗೋಡೆ ಎಲ್ಲಿಯವರೆಗೆ ಗೋಡೆ?

ಬೆಳಗಾವಿಯ ಅನಗೋಳದಲ್ಲಿ ಮಹಡಿಮನೆ ಕಟ್ಟಿಸುವ ಗೃಹಸ್ಥನೊಬ್ಬನನ್ನು ಊಹಿಸಿಕೊಳ್ಳಿ. ಇಂಜನಿಯರನು ಬೀದಿಯ ಕಡೆ ಅಖಂಡವಾದ ಕಾಂಕ್ರೀಟು ಗೋಡೆಯೊಂದನ್ನು ಬರೆದಿದ್ದಾನೆ. ಯಜಮಾನನಿಗೆ ಬೆಳಕು ಬೇಕು. “ಎರಡು ಕಿಟಕಿ ತೆಗೆದರೇನು? ಗೋಡೆಯಂತೂ ಅಲ್ಲಿಯೇ ಇರುತ್ತದಲ್ಲ!” ಇರುತ್ತದೆ, ನಿಜ; ಆದರೆ ಅದು ಮೊದಲಿನ ಗೋಡೆಯಲ್ಲ.

ಭಾರ ಹೊರುವುದು ಗೋಡೆಯ ಒಂದು ಕೆಲಸ ಮಾತ್ರ. ನೆಲ ನಡುಗಿದಾಗ ಪಕ್ಕದಿಂದ ಬರುವ ನೂಕನ್ನು ತನ್ನ ಉದ್ದದ ಬಲದಿಂದ ತಡೆದು ತಳಪಾಯಕ್ಕೆ ಮುಟ್ಟಿಸುವ ಗೋಡೆಗೆ ‘ಷಿಯರ್ ಗೋಡೆ’ ಎಂದು ಹೆಸರು. ಬೆಳಗಾವಿಗೆ ಭೂಕಂಪವೆಲ್ಲಿಯದು ಎನ್ನುವವರುಂಟು. 2002 ಮತ್ತು 2016ರ ಭಾರತೀಯ ಮಾನಕಗಳು ಈ ಊರನ್ನು ಮೂರನೆಯ ಕಂಪನವಲಯದಲ್ಲಿ ಸೇರಿಸಿದ್ದವು. 1967ರ ಡಿಸೆಂಬರ್ 11ರ ನಸುಕಿನಲ್ಲಿ ಕೊಯ್ನಾ ನಡುಗಿದಾಗ ಮುಂಬಯಿಯ ಜನವೂ ಬೆಚ್ಚಿದ್ದರು. ಕೊಯ್ನೆಯಿಂದ ಬೆಳಗಾವಿಯೂ ಹೆಚ್ಚುಕಡಿಮೆ ಅಷ್ಟೇ ದೂರ. ದೂರವನ್ನು ನಂಬುವಂತೆಯೂ ಇಲ್ಲ. 2001ರ ಜನವರಿ 26ರಂದು ಕಛ್ ಪ್ರದೇಶದ ಭೂಕಂಪದಲ್ಲಿ, 200 ಕಿಲೋಮೀಟರಿಗೂ ಆಚೆಯ ಅಹಮದಾಬಾದಿನಲ್ಲಿ ನೆಲಮಟ್ಟ ತೆರವಾಗಿದ್ದ ಬಹುಮಹಡಿ ಕಟ್ಟಡಗಳು ಕುಸಿದವು.

ದಪ್ಪ ರಟ್ಟೊಂದನ್ನು ಅಂಚಿನ ಮೇಲೆ ನಿಲ್ಲಿಸಿ ಅಗಲದ ಗುಂಟ ತಳ್ಳಿದರೆ ಅದು ಜಗ್ಗದು. ಅದನ್ನೇ ಪಟ್ಟಿಗಳಾಗಿ ಕತ್ತರಿಸಿ ನಿಲ್ಲಿಸಿದರೆ ಒಂದೊಂದೂ ಬಳುಕುತ್ತದೆ. ಎರಡು ಕಿಟಕಿಗಳ ನಡುವೆ ಉಳಿಯುವ ಇಂಥ ಪಟ್ಟಿಯೇ ‘ವಾಲ್ ಪಿಯರ್’. ಕನ್ನಡದಲ್ಲಿ ಗೋಡೆಗಂಬ ಎನ್ನಬಹುದು. ಬರಿಯ ಬಾಗುವಿಕೆಯ ಲೆಕ್ಕ ಹಿಡಿದರೆ, ಉದ್ದ ಅರ್ಧವಾದಾಗ ಬಿಗುವು ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ. ಎರಡು ಅರ್ಧಗಳನ್ನು ಕೂಡಿಸಿದರೂ ಮೊದಲಿನ ಕಾಲುಭಾಗ!

ಹಾಗಾದರೆ ಗೋಡೆ ಮುಗಿದು ಗೋಡೆಗಂಬ ಮೊದಲಾಗುವುದೆಲ್ಲಿ? ಅಮೆರಿಕದ ಕಾಂಕ್ರೀಟು ಸಂಸ್ಥೆಯ ನಿಯಮಾವಳಿಯಲ್ಲಿ ಇದಕ್ಕೊಂದು ಗೆರೆಯಿದೆ. ಉದ್ದವು ದಪ್ಪದ 6 ಪಟ್ಟನ್ನು ಮೀರದೆ, ಎತ್ತರವು ಉದ್ದದ 2 ಪಟ್ಟಿಗೆ ಕಡಿಮೆಯಾಗದೆ ಇದ್ದರೆ ಅದು ಗೋಡೆಗಂಬ. 8 ಅಂಗುಲ ದಪ್ಪದ ಗೋಡೆಯಲ್ಲಿ 6 ಅಡಿ ಎತ್ತರದ ಕಿಟಕಿಗಳ ನಡುವೆ 3 ಅಡಿ ಉಳಿಸಿದರೆ ಗೆರೆ ದಾಟಿದಂತೆಯೇ. ಉದ್ದವು ದಪ್ಪದ ಎರಡೂವರೆ ಪಟ್ಟಿಗೆ ಇಳಿಯಿತೆಂದರೆ ಕಂಬದ ಕಟ್ಟಳೆಗಳೇ ಅನ್ವಯಿಸುತ್ತವೆ.

ಇದು ಬರಿಯ ಹೆಸರಿನ ತಕರಾರಲ್ಲ, ಕಬ್ಬಿಣದ ತಕರಾರು. ಷಿಯರ್ ಗೋಡೆಗೆ ಅಡ್ಡ-ಉದ್ದ ಸರಳುಗಳ ಜಾಲ, ಅಗತ್ಯವಿದ್ದಲ್ಲಿ ಅಂಚುಗಳಲ್ಲಿ ಹೆಚ್ಚಿನ ಬಿಗಿ. ಗೋಡೆಗಂಬಕ್ಕಾದರೋ, ಬಾಗುವುದಕ್ಕೆ ಮುನ್ನವೇ ಗುಣಾಕಾರದ ಚಿಹ್ನೆಯಂತೆ ಓರೆಯಾಗಿ ಬಿರಿದು ಒಡೆಯುವ ಭಯ. ಅದನ್ನು ತಡೆಯಲು 6 ಅಂಗುಲಕ್ಕಿಂತ ದೂರವಿಲ್ಲದಂತೆ ಸರಳಿನ ಬಳೆಗಳನ್ನು ತೊಡಿಸಬೇಕು. ಕಿಟಕಿಯ ಮೇಲಕ್ಕೂ ಕೆಳಕ್ಕೂ ಒಂದೊಂದು ಅಡಿ ಅವು ಮುಂದುವರಿಯಬೇಕು. ಕಾಂಕ್ರೀಟು ಸುರಿದಾದ ಮೇಲೆ ಕಿಟಕಿ ಕೊರೆಯುವವರು ಸಿಗುತ್ತಾರೆ. ಒಳಗೆ ಈ ಬಳೆ ತೊಡಿಸಬಲ್ಲವರು ಸಿಗುವುದಿಲ್ಲ.