ಬೈಕ್ ವಿಮರ್ಶೆಗೆ ಉಪ್ಪಿನ ಋಣ

ಉಂಡ ಮನೆಗೆ ಎರಡು ಬಗೆಯಬಾರದು ಎನ್ನುವುದು ನಮ್ಮ ಹಿರಿಯರ ಮಾತು. ನೆಂಟಸ್ತಿಕೆಗೆ, ಸ್ನೇಹಕ್ಕೆ ಅದು ಶೋಭೆ. ಆದರೆ ಬೈಕ್ ಕಂಪೆನಿಯ ಅನ್ನ ಉಂಡ ಪತ್ರಕರ್ತ ಈ ನೀತಿಯನ್ನು ಪಾಲಿಸಿದರೆ ಮೋಸ ಹೋಗುವವನು ಓದುಗ.

ಹೊಸ ಬೈಕ್ ಮಾರುಕಟ್ಟೆಗೆ ಬರುವ ಮುನ್ನ ಏನು ನಡೆಯುತ್ತದೆಂದು ನೋಡೋಣ. ಕಂಪೆನಿ ವಿಮಾನದ ಟಿಕೆಟ್ ಕಳಿಸುತ್ತದೆ. ಗೋವಾದಲ್ಲೋ ವಿದೇಶದಲ್ಲೋ ಐಷಾರಾಮಿ ಹೋಟೆಲಿನಲ್ಲಿ ವಾಸ. ಕೆಲವೊಮ್ಮೆ ಹೆಲ್ಮೆಟ್, ಜಾಕೆಟ್‌ಗಳ ಉಡುಗೊರೆ. ಮರುದಿನ ಕಂಪೆನಿಯವರೇ ಸಜ್ಜುಗೊಳಿಸಿದ ಬೈಕನ್ನು ಗುಂಡಿಯಿಲ್ಲದ, ಲಾರಿಯಿಲ್ಲದ, ದನ ಅಡ್ಡ ಬಾರದ ಟ್ರ್ಯಾಕಿನಲ್ಲಿ ಕೆಲವು ಸುತ್ತು ಓಡಿಸಬೇಕು. ಆಮೇಲೆ ಕಂಪೆನಿ ಹೇಳಿದ ದಿನ, ಹೇಳಿದ ಗಂಟೆಗೆ ಎಲ್ಲರ ಹೊಗಳಿಕೆಯೂ ಒಟ್ಟಿಗೆ ಹೊರಬರುತ್ತದೆ. ಎರಡನೇ ಮಳೆಗಾಲದಲ್ಲಿ ಚೈನ್ ಏನಾಗುತ್ತದೆ, ಬಿಡಿಭಾಗ ತಾಲೂಕು ಕೇಂದ್ರದಲ್ಲಿ ಸಿಗುತ್ತದೆಯೇ, ಹೆಂಡತಿ ಮಕ್ಕಳನ್ನು ಕೂರಿಸಿಕೊಂಡಾಗ ಬ್ರೇಕ್ ಹೇಗೆ ಹಿಡಿಯುತ್ತದೆ? ಅರ್ಧ ದಿನದ ಸವಾರಿಯಲ್ಲಿ ಇವು ತಿಳಿಯುವುದಾದರೂ ಹೇಗೆ?

ಇದೆಲ್ಲ ಸಿರಿವಂತರ ಶೋಕಿಯ ವಿಷಯವೆಂದು ತಳ್ಳಿಹಾಕುವಂತಿಲ್ಲ. ನಮ್ಮ ದೇಶದಲ್ಲಿ ಬೈಕ್ ಎಂದರೆ ಬಡವನ, ಮಧ್ಯಮ ವರ್ಗದವನ ಕಾಲು. ಸಾಲ ಮಾಡಿ ಕೊಂಡು ವರ್ಷಗಟ್ಟಲೆ ಕಂತು ಕಟ್ಟುತ್ತಾನೆ. 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತ 1,68,491 ಮಂದಿಯಲ್ಲಿ ಶೇಕಡಾ 44ಕ್ಕೂ ಹೆಚ್ಚು ಜನ ದ್ವಿಚಕ್ರ ಸವಾರರೆಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿಯೇ ಹೇಳುತ್ತದೆ. ಈ ಸಾವುಗಳಿಗೆಲ್ಲ ಬೈಕಿನ ದೋಷವೇ ಕಾರಣ ಎಂದು ನಾವು ಹೇಳುತ್ತಿಲ್ಲ. ಆದರೆ ಜೀವದ ಪ್ರಶ್ನೆ ಇರುವಲ್ಲಿ ಬ್ರೇಕಿನ ಬಗ್ಗೆ ಮುಲಾಜಿನ ಮಾತು ಸಲ್ಲದು.

'ಒಂದು ಊಟಕ್ಕೆ, ಒಂದು ಜಾಕೆಟ್ಟಿಗೆ ನಾವು ಮಾರಿಕೊಳ್ಳುವವರಲ್ಲ' ಎಂದು ಬರೆಯುವವರು ಹೇಳುತ್ತಾರೆ. ನಂಬೋಣ. ಆದರೆ ಇಲ್ಲಿ ಯಾರನ್ನೂ ಕೊಳ್ಳಬೇಕಾದ ಅಗತ್ಯವೇ ಇಲ್ಲ. ಕಟುವಾಗಿ ಬರೆದರೆ ಮುಂದಿನ ಆಹ್ವಾನ ಬಾರದು, ಬೈಕ್ ಸಿಗದು, ಜಾಹೀರಾತು ನಿಲ್ಲಬಹುದು ಎಂಬ ಅಳುಕೊಂದು ಸಾಕು. ಇದು ಬರೀ ಊಹೆಯಲ್ಲ. 2005ರಲ್ಲಿ ಅಮೆರಿಕದ ಲಾಸ್ ಏಂಜಲೀಸ್ ಟೈಮ್ಸ್ ಪತ್ರಿಕೆಯ ಡ್ಯಾನ್ ನೀಲ್ ಜನರಲ್ ಮೋಟಾರ್ಸ್‌ನ ಕಾರೊಂದನ್ನು, ಅದರ ಆಡಳಿತವನ್ನು ಟೀಕಿಸಿ ಬರೆದರು. ಹಿಂದಿನ ವರ್ಷವಷ್ಟೇ ಪುಲಿಟ್ಜರ್ ಪ್ರಶಸ್ತಿ ಪಡೆದ ವಿಮರ್ಶಕ ಅವರು. ಪತ್ರಿಕೆಯ ಬರಹಗಳಲ್ಲಿ ತಪ್ಪುಗಳಿವೆ ಎಂದ ಕಂಪೆನಿ ತನ್ನ ಜಾಹೀರಾತುಗಳನ್ನೇ ಹಿಂತೆಗೆದುಕೊಂಡಿತು, ತಿಂಗಳುಗಳ ಬಳಿಕವಷ್ಟೇ ಮರಳಿತು. ಅಷ್ಟು ದೊಡ್ಡ ಪತ್ರಿಕೆಗೇ ಈ ಗತಿಯಾದರೆ ಸಣ್ಣವರ ಪಾಡೇನು?

ನಿಯಮಗಳಿಗೇನೂ ಬರವಿಲ್ಲ. ಹಣಕಾಸು ಪತ್ರಕರ್ತರು ಕಂಪೆನಿಗಳ ಉಡುಗೊರೆ, ಪ್ರವಾಸ, ರಿಯಾಯಿತಿ ಪಡೆಯಬಾರದು, ಕಂಪೆನಿಯ ಖರ್ಚಿನಲ್ಲಿ ಹೋಗಿಬಂದಿದ್ದರೆ ಅದನ್ನು ವರದಿಯಲ್ಲೇ ಹೇಳಬೇಕು ಎಂದು ಭಾರತೀಯ ಪತ್ರಿಕಾ ಮಂಡಳಿ ಎಂದೋ ಸೂಚಿಸಿದೆ. ಷೇರಿಗೆ ಸಲ್ಲುವ ನೀತಿ ಬೈಕಿಗೇಕೆ ಸಲ್ಲದು? ಎಚ್ಚರಿಕೆ, ಛೀಮಾರಿಗಳಾಚೆ ಶಿಕ್ಷಿಸುವ ಅಧಿಕಾರ ಮಂಡಳಿಗಿಲ್ಲ ಎಂಬುದು ಬೇರೆ ಮಾತು. ಸಾಮಾಜಿಕ ಮಾಧ್ಯಮದ ಪ್ರಭಾವಿಗಳು ಪ್ರವಾಸ, ಹೋಟೆಲ್ ವಾಸ, ಉಚಿತ ವಸ್ತುಗಳನ್ನು ಪಡೆದಿದ್ದರೆ ಬಹಿರಂಗಪಡಿಸಬೇಕೆಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಮಾರ್ಗಸೂಚಿ ನೀಡಿದೆ. ಮೊಬೈಲ್ ಹಿಡಿದ ಹುಡುಗನಿಂದ ನಿರೀಕ್ಷಿಸುವ ಪ್ರಾಮಾಣಿಕತೆಯನ್ನು ಪತ್ರಿಕೆಯಿಂದ ನಿರೀಕ್ಷಿಸುವುದು ತಪ್ಪೇ?

ಬೇರೆ ದಾರಿ ಇಲ್ಲವೆಂದಲ್ಲ. ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್ 1936ರಿಂದ ಕಂಪೆನಿಗಳ ಜಾಹೀರಾತಿಲ್ಲದೆ ನಡೆದುಬಂದಿದೆ, ತಾನು ಅಳೆದು ಅಂಕ ಕೊಡುವ ಕಾರುಗಳನ್ನು ಸಾಮಾನ್ಯ ಗಿರಾಕಿಯಂತೆ ಅಂಗಡಿಯಲ್ಲೇ ಕೊಳ್ಳುತ್ತದೆ. ನಮ್ಮ ಪತ್ರಿಕೆಗಳಿಗೆ ಅಷ್ಟು ಬಂಡವಾಳ ಇಲ್ಲದಿರಬಹುದು. ಆದರೆ ಹತ್ತು ಸಾವಿರ ಕಿಲೋಮೀಟರ್ ಓಡಿಸಿದ ಮಾಲೀಕನನ್ನು, ಅದನ್ನು ಬಿಚ್ಚಿ ಜೋಡಿಸಿದ ಮೆಕ್ಯಾನಿಕನ್ನು ಮಾತನಾಡಿಸಲು ಎಷ್ಟು ಖರ್ಚಾಗುತ್ತದೆ? 'ಪ್ರಯಾಣ, ವಸತಿ ಕಂಪೆನಿಯದು' ಎಂಬ ಒಂದು ಸಾಲು ಅಚ್ಚು ಹಾಕಲು ಎಷ್ಟು ಶಾಯಿ ಬೇಕು?

ಆ ಸಾಲು ಇಲ್ಲದ ವಿಮರ್ಶೆಯನ್ನು ಜಾಹೀರಾತೆಂದೇ ಓದುವ ಎಚ್ಚರ ನಮ್ಮದಾಗಲಿ. ಬೈಕಿನ ಕಂತು ಕಟ್ಟುವವರು ನಾವು, ಪತ್ರಿಕೆಗೆ ಬೆಲೆ ತೆರುವವರೂ ನಾವು. ಪತ್ರಕರ್ತನ ಮೇಲೆ ಉಪ್ಪಿನ ಋಣ ಎಂಬುದೊಂದಿದ್ದರೆ ಅದು ನಮ್ಮದು.